ಹೂಂಗುಟ್ಟುವ ಕೆಲಸ

ಏರ್‌ಕಾನ್ ಕೈಕೊಡಬಹುದಿತ್ತು. ಫಂಕ್ಷನ್ ರೂಮಿನ ಬಾಗಿಲಿಗೆ ಕಾರ್ಡು ಹಿಡಿದರೆ ಅವತ್ತೇ ಕೆಂಪು ದೀಪ ಹತ್ತಬಹುದಿತ್ತು. ಆಗತಾನೇ ಒರೆಸಿದ ಟೈಲ್ಸಿನ ಮೇಲೆ ಎಪ್ಪತ್ತಮೂರು ವರ್ಷದ ಅಜ್ಜಿ ಜಾರಿ ಬಿದ್ದು, ಬರಿಗಾಲಲ್ಲಿ ನಡೆಯಿರಿ ಎಂದು ಹೇಳಿದ ಟೀಚರೂ ರೂಮು ಬುಕ್ ಮಾಡಿದ ನಾನೂ ಆಂಬುಲೆನ್ಸಿನಲ್ಲಿ ಅವರ ಎಡಬಲಕ್ಕೆ ಕೂರಬೇಕಾಗಬಹುದಿತ್ತು. ಯಾರಾದರೂ ಅಳಲು ಶುರುಮಾಡಿ ನಿಲ್ಲಿಸದೇ ಇರಬಹುದಿತ್ತು. ಯಾರೂ ಅಳದೇ ಹೋಗಿ, ಎಂಟು ವಾರ ಹೆಣಗಿದ ಟೀಚರಿಗೆ ಬೇಜಾರಾಗಬಹುದಿತ್ತು. ಅಳು ಜೋರಾಗಿ, ಸೆಕ್ಯುರಿಟಿ ಅಂಕಲ್ ಬಂದು ಗಾಜಿನ ಬಾಗಿಲು ತಟ್ಟಿ, ಒಳಗೆ ಯಾರನ್ನಾದರೂ ಹೊಡೆಯುತ್ತಿದ್ದೀರಾ ಎಂದು ಕೇಳಬಹುದಿತ್ತು. ನನ್ನ ಓರಗಿತ್ತಿ ಬರದೇ ಇರಬಹುದಿತ್ತು. ಬಂದು ಅರ್ಧಕ್ಕೆ ಎದ್ದು ಹೋಗಬಹುದಿತ್ತು. ಮೂರ್ಛೆ ಹೋಗಬಹುದಿತ್ತು. ಕಥೆ ಹೇಳುತ್ತ ಹೇಳುತ್ತ ಎಲ್ಲರೆದುರಿಗೆ ನನ್ನ ಮುಖ ನೋಡಿ, ಎರಡೂವರೆ ವರ್ಷದಿಂದ ಕೇಳದೇ ಉಳಿಸಿಕೊಂಡದ್ದನ್ನು ಕೇಳಿಯೇಬಿಡಬಹುದಿತ್ತು.

ಇದನ್ನೆಲ್ಲ ನಾನು ಹಿಂದಿನ ದಿನ ಮಧ್ಯಾಹ್ನ ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲಿ, ಮೊಸರನ್ನದ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು, ಎಕ್ಸೆಲ್ ಶೀಟಿನಲ್ಲಿ ತುಂಬಿಸಿದ್ದೆ. ಮೂರು ಕಾಲಂ: ಏನಾಗಬಹುದು, ಆದರೆ ಏನು ಗತಿ, ತಡೆಯಲು ನಾನೇನು ಮಾಡಬೇಕು. ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ, ಇನ್ನೂ ಆಗದ ಅನಾಹುತಗಳ ಪಟ್ಟಿ ಬರೆಯುತ್ತ ಅನ್ನ ತಿನ್ನುತ್ತಿದ್ದೇನೆ. ಪಟ್ಟಿಯಲ್ಲಿದ್ದದ್ದು ಯಾವುದೂ ಆಗದಿದ್ದರೆ ಒಳ್ಳೆ ಕೆಲಸ ಮಾಡಿದಿರಿ ಎನ್ನುತ್ತಾರೆ. ಪಟ್ಟಿಯಲ್ಲಿಲ್ಲದ್ದು ಆಗಿಬಿಟ್ಟರೆ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿ ಎನ್ನುತ್ತಾರೆ. ಮನೆಗೆ ಬಂದ ಮೇಲೂ ಈ ಚಾಳಿ ಬಿಡುವುದಿಲ್ಲ. ಊರಿಗೆ ಹೊರಟರೆ ಪಾಸ್‌ಪೋರ್ಟನ್ನು ಬಾಗಿಲಲ್ಲೊಮ್ಮೆ, ಲಿಫ್ಟಿನಲ್ಲೊಮ್ಮೆ, ಟ್ಯಾಕ್ಸಿಯಲ್ಲೊಮ್ಮೆ ಮುಟ್ಟಿ ನೋಡುತ್ತೇನೆ. ಕಾದಂಬರಿ ಕೈಗೆತ್ತಿಕೊಂಡರೆ ಮೊದಲು ಕೊನೆಯ ಪುಟ ಓದುತ್ತೇನೆ. ಯಾರು ಸಾಯುತ್ತಾರೆ ಎಂದು ತಿಳಿದರೆ ಉಳಿದದ್ದನ್ನು ನೆಮ್ಮದಿಯಿಂದ ಓದಬಹುದು. ಹದಿನಾರರ ಮಗಳಿಗೆ ನಾನೊಂದು ತಮಾಷೆ. "ಅಮ್ಮಾ, ರಿಲ್ಯಾಕ್ಸ್ ಲಾ. ಆಗೋದೆಲ್ಲ ನಿನ್ನ ಪರ್ಮಿಷನ್ ತಗೊಂಡು ಆಗಲ್ಲ," ಎನ್ನುತ್ತಾಳೆ. ಅವಳ ಮಾತು ಸರಿ ಎಂಬುದೂ ನನಗೊಂದು ಚಿಂತೆ.

ನನ್ನ ಓರಗಿತ್ತಿ ಧಾರವಾಡದವಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಮೈದುನನನ್ನು ಮದುವೆಯಾಗಿ ಈ ದೇಶಕ್ಕೆ ಬಂದು ಪುಂಗೋಲಿನಲ್ಲಿ ಮನೆ ಮಾಡಿದಳು, ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಬಂದ ಹೊಸದರಲ್ಲಿ ಅವಳ ಮಾತು ಕೇಳಲು ನಮಗೆಲ್ಲ ಮೋಜು. "ಏನ್ರಿ ಅಕ್ಕಾರ, ಹ್ಯಾಂಗದೀರಿ" ಎಂದರೆ ಮೈಸೂರಿನ ಕಡೆಯವರಾದ ನಾವು ಇನ್ನೊಮ್ಮೆ ಹೇಳು ಎಂದು ಗೋಗರೆಯುತ್ತಿದ್ದೆವು. ನಾವು ಹೀಗೆ ಪದೇಪದೇ ಹೇಳಿಸಿದ್ದಕ್ಕೋ ಏನೋ, ಎರಡು ವರ್ಷ ಕಳೆಯುವುದರೊಳಗೆ ಅವಳೂ ನಮ್ಮ ಹಾಗೇ ಬೆಂಗಳೂರು ಕನ್ನಡಕ್ಕೆ ಶಿಫ್ಟ್ ಆಗಿದ್ದಳು. ಅಕ್ಕಾರ ಹೋಗಿ ಅಕ್ಕ ಆದೆ.

ಆ ಫಂಕ್ಷನ್ ರೂಮಿನ ದಿನಕ್ಕೆ ಎರಡೂವರೆ ವರ್ಷ ಮುಂಚೆ, ಎಂಟನೇ ತಿಂಗಳಲ್ಲಿ, ಅವಳಿಗೆ ಹೆಣ್ಣುಮಗು ಹುಟ್ಟಿತು. ಉಸಿರಿರಲಿಲ್ಲ. ಅವಳಿಗೆ ಆಗ ಮೂವತ್ತೆಂಟು. ಬಹಳ ವರ್ಷ ಕಾದು ಆದ ಬಸಿರು.

ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಎಲ್ಲರೂ ಅವಳ ಸುತ್ತ ಇದ್ದರು. ನಾನು ಮಾತ್ರ ಅವಳು ಮನೆಗೆ ಬರುವುದರ ಬಗ್ಗೆ ಯೋಚಿಸುತ್ತಿದ್ದೆ, ಏಕೆಂದರೆ ಮುಂದಾಗುವುದನ್ನು ಯೋಚಿಸುವುದು ನನ್ನ ಹುದ್ದೆ. ಮನೆಗೆ ಬಂದು ಮಗುವಿನ ಕೋಣೆಯನ್ನು ನೋಡಿದರೆ ಏನು ಗತಿ? ಎರಡನೆಯ ದಿನ ರಜೆ ಹಾಕಿ, ಮೈದುನನಿಂದ ಕೀಲಿ ಇಸಿದುಕೊಂಡು ಪುಂಗೋಲಿಗೆ ಹೋದೆ. ಸ್ಕ್ರೂಡ್ರೈವರ್ ಹಿಡಿದು ತೊಟ್ಟಿಲು ಬಿಚ್ಚಿ ಎದುರು ಬ್ಲಾಕಿನವರಿಗೆ ಕೊಟ್ಟೆ. ಹಳದಿ ಪರದೆ ತೆಗೆದು ಬೂದುಬಣ್ಣದ್ದು ಹಾಕಿದೆ. ಅಂಗಿ, ಕುಲಾವಿ, ಒಗೆದು ಮಡಿಚಿಟ್ಟ ಮೆತ್ತನೆ ಬಟ್ಟೆಗಳು ಮೂರು ಚೀಲ ಆದವು. ಅವನ್ನು ಕೆಳಗೆ, ಕಟ್ಟಡದ ಬುಡದ ಬಯಲು ಜಾಗವಾದ ವಾಯ್ಡ್ ಡೆಕ್ಕಿನ ಪಕ್ಕದಲ್ಲಿರುವ ಹಳೆಬಟ್ಟೆ ಡಬ್ಬಕ್ಕೆ ಹಾಕಿದೆ. ಒಂದು ಪುಟ್ಟ ಕೌದಿಯೂ ಇತ್ತು. ಮಾಸಿದ ಇಳಕಲ್ ಸೀರೆಯ ತುಂಡುಗಳು, ಕೈಹೊಲಿಗೆ, ಒಂದು ಮೂಲೆಯಲ್ಲಿ ಹೊಲಿಗೆ ಸೊಟ್ಟ. ಯಾರೋ ಕೊಟ್ಟ ಹಳೆಯದು ಎಂದುಕೊಂಡು ಅದನ್ನೂ ಹಾಕಿದೆ. ನಾಲ್ಕು ಗಂಟೆಯಲ್ಲಿ ಆ ಕೋಣೆಯಲ್ಲಿ ಏನೂ ಉಳಿಯದ ಹಾಗೆ ಮಾಡಿ, ನೆಲ ಒರೆಸಿ, ಬೆವರು ಒರೆಸಿಕೊಂಡು, ಒಂದು ದೊಡ್ಡ ಉಪಕಾರ ಮಾಡಿದೆ ಎಂಬ ಸಮಾಧಾನದಲ್ಲಿ ವಾಪಸು ಬಂದೆ.

ಮಾರನೇ ದಿನ ಅವಳು ಮನೆಗೆ ಬಂದಳು. ಚಪ್ಪಲಿ ಬಿಟ್ಟು ನೇರ ಆ ಕೋಣೆಗೆ ಹೋದಳು. ಬಾಗಿಲು ತೆರೆದು ನಿಂತಳು. ನಾನು ಹಿಂದಿದ್ದೆ, ಕಂಡದ್ದು ಅವಳ ಬೆನ್ನು ಮಾತ್ರ. ಆಮೇಲೆ ಬಾಗಿಲು ಎಳೆದುಕೊಂಡು ತಿರುಗಿ, "ಅಕ್ಕ, ಕಾಫಿ ಕುಡೀತೀರಾ?" ಎಂದಳು. ಎಲ್ಲಿ, ಯಾರು, ಯಾಕೆ ಎಂದು ಒಂದು ಮಾತೂ ಇಲ್ಲ. ಎಷ್ಟು ಗಟ್ಟಿ ಹುಡುಗಿ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಆರು ತಿಂಗಳ ಮೇಲೆ ಮೈದುನ ಏನೋ ಮಾತಿಗೆ ಹೇಳಿದ: ಆ ಕೌದಿಯನ್ನು ಅವಳಮ್ಮ ಹೊಲಿದದ್ದಂತೆ, ತೀರಿಕೊಳ್ಳುವ ಹಿಂದಿನ ವರ್ಷ, ಕಣ್ಣು ಸರಿಯಾಗಿ ಕಾಣದಿದ್ದರೂ, ಮುಂದೆ ಎಂದಾದರೂ ಹುಟ್ಟುವ ಮೊಮ್ಮಗುವಿಗೆ ಎಂದು. ಅವತ್ತು ಸಂಜೆಯೇ ಪುಂಗೋಲಿನ ಆ ಡಬ್ಬದ ಹತ್ತಿರ ಹೋಗಿ ನಿಂತೆ. ಆರು ತಿಂಗಳ ಹಿಂದಿನ ಬಟ್ಟೆ ಅಲ್ಲೇ ಇರುತ್ತದೆ ಎಂದು ಅಂದುಕೊಂಡಿದ್ದೆನೋ ಏನೋ. ಡಬ್ಬದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಬಟ್ಟೆಯೆಲ್ಲ ಕಂಟೇನರಿನಲ್ಲಿ ಬೇರೆ ದೇಶಕ್ಕೆ ಹೋಗುತ್ತದೆ ಎಂದು ಒಬ್ಬಳು ಬಹಳ ಮರ್ಯಾದೆಯಿಂದ ತಿಳಿಸಿದಳು.

ಓರಗಿತ್ತಿ ಕೆಲಸಕ್ಕೆ ಹೋದಳು, ಅಡುಗೆ ಮಾಡಿದಳು, ನಮ್ಮ ಮನೆಯ ಹಬ್ಬಕ್ಕೆ ಬಂದಳು, ನಗುವ ಕಡೆ ನಕ್ಕಳು. ಮಗುವಿನ ಮಾತು ಮಾತ್ರ ಒಂದು ಸಲವೂ ಅವಳ ಬಾಯಿಂದ ಬರಲಿಲ್ಲ. ಧಾರವಾಡದಿಂದ ಅಕ್ಕ, ಚಿಕ್ಕಮ್ಮ ಫೋನ್ ಮಾಡಿದರೆ ಎತ್ತುವುದನ್ನೂ ಬಿಟ್ಟಳು. ಡಾಕ್ಟರು ಹೇಳಿದ ಕೌನ್ಸೆಲರ್ ಹತ್ತಿರ ಒಂದು ಸಲ ಹೋಗಿ, ನಾನು ಚೆನ್ನಾಗಿದ್ದೇನೆ ಎಂದು ಹೇಳಿ ಬಂದಳಂತೆ. ಮನೆಯಲ್ಲಿ ಇಡೀ ದಿನ ಟಿವಿ ಹಾಕಿರುತ್ತಾಳೆ, ನೋಡುವುದಿಲ್ಲ ಎಂದು ಮೈದುನ ಹೇಳುತ್ತಿದ್ದ. ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಇಲ್ಲವಾಗುತ್ತಿದ್ದಾಳೆ ಎಂದೂ ಹೇಳಿದ. ಅವನು ಹಾಗೆಲ್ಲ ಮಾತಾಡುವವನಲ್ಲ, ಎಂಜಿನಿಯರ್.

ಅಂಥ ಹೊತ್ತಿನಲ್ಲಿ ನಮ್ಮ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಪುರಾಣದ ಕಥೆಗಳನ್ನು ಇಟ್ಟುಕೊಂಡು ನಾಟಕ ಚಿಕಿತ್ಸೆ, ಹೆಂಗಸರಿಗೆ, ಕನ್ನಡದಲ್ಲಿ, ಎಂಟು ಶನಿವಾರ ಮಧ್ಯಾಹ್ನ ಮೂರರಿಂದ ಐದು, ಜಾಗ ಬೇಕಾಗಿದೆ. ಬೆಡೋಕಿನ ನಮ್ಮ ಕಾಂಡೋದ ಫಂಕ್ಷನ್ ರೂಮ್ ನಾನು ಬುಕ್ ಮಾಡಿಕೊಡುತ್ತೇನೆ ಎಂದೆ. ಓರಗಿತ್ತಿಗೆ, ನನಗೆ ಒಬ್ಬಳೇ ಹೋಗಲು ಸಂಕೋಚ, ಜೊತೆಗೆ ಬಾ ಎಂದು ಸುಳ್ಳು ಹೇಳಿದೆ. ಅವಳು ಸೆರಂಗೂನ್, ಪಾಯಾ ಲೆಬಾರ್ ಎಂದು ಎರಡು ಕಡೆ ಟ್ರೇನು ಬದಲಿಸಿ ವಾರವಾರವೂ ಬಂದಳು. ನನ್ನ ಮೇಲಿನ ದಾಕ್ಷಿಣ್ಯಕ್ಕೆ.

ನಡೆಸಿಕೊಡುವವರು ಉಡುಪಿಯ ಕಡೆಯವರು, ನಲವತ್ತು ದಾಟಿದವರು, ಇಂಗ್ಲೆಂಡಿನಲ್ಲಿ ಈ ವಿದ್ಯೆ ಕಲಿತು ಬಂದವರು. ಹೆಸರು ಹಿಡಿದು ಕರೆಯಿರಿ ಎಂದರು. ನಮ್ಮಿಂದ ಅದಾಗಲಿಲ್ಲ, ಟೀಚರ್ ಎಂದು ಕರೆದೆವು. ಅವರ ವಾದ ಸರಳ: ನಮ್ಮ ನೋವನ್ನು ನಾವೇ ಹೇಳಲು ಬಾಯಿ ಬರುವುದಿಲ್ಲ; ಕಥೆಯಲ್ಲಿರುವವಳ ಬಾಯಿಂದ ಹೇಳಿಸಿದರೆ ಬರಬಹುದು. ಮೊದಲ ಕಟ್ಟಳೆ ಎಂದರೆ ಹೆಸರು ಎತ್ತಬಾರದು. "ಹೆಸರು ಹೇಳಿದ ತಕ್ಷಣ ನಿಮಗೆಲ್ಲ ಕ್ಯಾಲೆಂಡರ್ ಚಿತ್ರ ಕಾಣತ್ತೆ, ಕೈ ಮುಗಿಯೋಣ ಅನ್ಸತ್ತೆ. ಒಬ್ಬಳು ಇದ್ದಳು ಅಂತ ಶುರು ಮಾಡಿ, ಸಾಕು." ಆಮೇಲೆ ಆಟ ಮುಗಿದ ಮೇಲೆ ಪಾತ್ರ ಬಿಡಬೇಕು, ಕೈಕಾಲು ಕೊಡವಿ, ನಾನು ಅವಳಲ್ಲ, ನಾನು ನಾನೇ ಎಂದು ಜೋರಾಗಿ ಹೇಳಬೇಕು.

ನಾವು ಏಳು ಜನ. ಗಂಡನ ಶಾಪದಿಂದ ಕಲ್ಲಾದವಳ ಪಾತ್ರಕ್ಕೆ ಮೊದಲ ವಾರವೇ ಮೂವರು ಪೈಪೋಟಿ ನಡೆಸಿದರು. ಮೂವರೂ ವಾರವೆಲ್ಲ ದುಡಿದು ದಣಿದವರು, ಕದಲದೆ ಕೂರುವ ಪಾತ್ರ ಸಿಕ್ಕಿದರೆ ಸಾಕಾಗಿತ್ತು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಎರಡನೇ ವಾರ ಮಹಾರಾಣಿಯಾದರು. ಕೊನೆಯಲ್ಲಿ ಪಾತ್ರ ಬಿಡಿ ಎಂದರೆ ಬಿಡಲೊಲ್ಲರು. "ಇರ್ಲಿ ಬಿಡಮ್ಮ, ಮನೆ ಮುಟ್ಟೋವರೆಗಾದ್ರೂ ಇರ್ಲಿ. ಅಲ್ಲಿ ಹೋದ್ಮೇಲೆ ಇದ್ದೇ ಇದೆ ಕುಕ್ಕರ್ರು," ಎಂದು, ಸೆರಗು ಹೊದ್ದು, ಗಂಭೀರವಾಗಿ ಬಸ್ಸು ಹತ್ತಿದರು. ಮೂರನೇ ವಾರ ನನಗೆ ಸಿಕ್ಕಿದ್ದು ಬಾಗಿಲಿನ ಪಾತ್ರ. ಕಾಡಿಗೆ ಹೊರಟವಳನ್ನು ಕಳಿಸಿಕೊಡುವ ಅರಮನೆಯ ಬಾಗಿಲು. ಬಾಗಿಲಿಗೆ ಈಗ ಏನನ್ನಿಸುತ್ತಿದೆ ಎಂದು ಟೀಚರ್ ಕೇಳಿದರು. ಕೀಲು ಸಡಿಲವಾಗಿದೆ, ಹಾದುಹೋಗುವಾಗ ಯಾರ ಬೆರಳಾದರೂ ಸಿಕ್ಕಿಬಿದ್ದೀತು ಎಂದು ಭಯ ಎಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಓರಗಿತ್ತಿಯೂ ನಕ್ಕಳು, ಹಲ್ಲು ಕಾಣುವ ಹಾಗೆ. ಅದನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ.

ಟೀಚರಿಗೆ ನಮ್ಮಿಂದ ದೊಡ್ಡ ತಲೆನೋವು ಇದ್ದದ್ದು ಮುಕ್ತಾಯದ ವಿಷಯದಲ್ಲಿ. ಕಥೆಯನ್ನು ಅರ್ಧಕ್ಕೆ ಬಿಡಿ, ಅವಳ ಸಿಟ್ಟು ಇನ್ನೂ ಹಾಗೇ ಇರಲಿ, ಅದರ ಜೊತೆ ಸ್ವಲ್ಪ ಹೊತ್ತು ಕೂತಿರೋಣ ಎನ್ನುತ್ತಿದ್ದರು. ವ್ರತದ ಕಥೆ ಕೇಳಿ ಬೆಳೆದ ನಮಗೆ ಅದು ಹೇಗಾದೀತು? ಕಾಡಿಗೆ ಹೋದವಳು ಕಾಡಿನಲ್ಲೇ ನಿಂತಿರುವಾಗ ಯಾರಾದರೊಬ್ಬರು, ಆಕೆಗೆ ಒಳ್ಳೆಯದಾದ ಹಾಗೆ ಕೇಳಿದವರಿಗೂ ಹೇಳಿದವರಿಗೂ ಒಳ್ಳೆಯದಾಗಲಿ ಎಂದುಬಿಡುತ್ತಿದ್ದರು. ಉಳಿದವರು ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ಕೋಡುಬಳೆಯ ಡಬ್ಬಿ ತೆರೆದಿರುತ್ತಿತ್ತು. ಆಕೆಗೆ ಎಲ್ಲಿ ಒಳ್ಳೆಯದಾಯಿತು ಎಂದು ಟೀಚರ್ ಒಮ್ಮೆ ಸೋತ ದನಿಯಲ್ಲಿ ಕೇಳಿದರು. ಆಗುತ್ತೆ ಬಿಡಿ ಎಂದು ಅಜ್ಜಿ ಅವರಿಗೇ ಧೈರ್ಯ ಹೇಳಿದರು.

ಆದರೆ ಅವರು ನಮ್ಮಿಂದ ಒಂದನ್ನು ಕಲಿತರು. ಒಬ್ಬಳು ಕಥೆ ಹೇಳುವಾಗ ಉಳಿದವರು ಸುಮ್ಮನೆ, ಒಂದು ಶಬ್ದವಿಲ್ಲದೆ ಕೇಳಬೇಕು ಎಂಬುದು ಅವರ ಪಾಠ. ನಾಲ್ಕನೇ ವಾರ ಅಜ್ಜಿ ಹೇಳಲು ಕೂತವರು ಎರಡು ಮಾತಿಗೆ ನಿಲ್ಲಿಸಿಬಿಟ್ಟರು. ಯಾಕೆ ಎಂದರೆ, "ಹೂಂ ಅನ್ನೋರೇ ಇಲ್ವಲ್ಲಮ್ಮ. ಗೋಡೆಗೆ ಹೇಳ್ತಾ ಇದೀನಾ ನಾನು? ಹೂಂ ಅಂದ್ರೆ ತಾನೇ ಮುಂದಿಂದು ಬರೋದು." ಅವರ ಅಜ್ಜಿಯ ಕಾಲದಿಂದ ಹಾಗೆಯೇ, ಕಥೆಗೆ ಒಬ್ಬರು ಹೇಳುವವರು, ಒಬ್ಬರು ಹೂಂಗುಟ್ಟುವವರು. ಹೂಂ ನಿಂತಿತು ಎಂದರೆ ಕೇಳುವವರು ಮಲಗಿದರು ಎಂದು ಲೆಕ್ಕ, ಕಥೆ ಅಲ್ಲಿಗೆ ಮುಗಿಯಿತು. ಟೀಚರ್ ತಮ್ಮ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಅವತ್ತಿನಿಂದ ಹೇಳುವವಳು ತನಗೆ ಬೇಕಾದವಳನ್ನು ಹೂಂಗುಟ್ಟಲು ಆರಿಸಿಕೊಳ್ಳುವುದು, ಇಬ್ಬರೂ ನಡುವೆ ಚಾಪೆಯ ಮೇಲೆ ಎದುರುಬದುರು ಕೂರುವುದು ಎಂದಾಯಿತು. ಉಪದೇಶ ಬೇಡ, ಅಯ್ಯೋ ಬೇಡ, ಮುಟ್ಟುವುದೂ ಬೇಡ. ಹೂಂ ಒಂದೇ.

ಓರಗಿತ್ತಿ ಆರು ವಾರ ಕಥೆ ಹೇಳಲಿಲ್ಲ. ಮರ ಆದಳು, ದೋಣಿ ಆದಳು, ಯಾರದ್ದೋ ಸಖಿ ಆದಳು. ಏಳನೇ ವಾರ ಮುಗಿಯುವ ಹೊತ್ತಿಗೆ ಟೀಚರ್ ಮುಂದಿನ ವಾರ ಕೊನೆ, ಯಾರಾದರೂ ಉಳಿದಿದ್ದೀರಾ ಎಂದಾಗ, ನಾನು ಹೇಳುತ್ತೇನೆ ಎಂದಳು. ಯಾರ ಕಥೆ?

"ಮಕ್ಕಳನ್ನ ನೀರಿಗೆ ಬಿಟ್ಟಳಲ್ಲ, ಅವಳದ್ದು."

ನದಿಯೇ ಹೆಣ್ಣಾಗಿ ಬಂದು ರಾಜನನ್ನು ಮದುವೆಯಾದವಳು. ತಾನು ಏನು ಮಾಡಿದರೂ ಕೇಳಬಾರದು ಎಂದು ಮಾತು ತೆಗೆದುಕೊಂಡವಳು. ಹೆತ್ತ ಮಕ್ಕಳನ್ನು ಒಂದೊಂದಾಗಿ ನೀರಿಗೆ ಬಿಟ್ಟವಳು. ನಾವೆಲ್ಲ ಓರಗಿತ್ತಿಯ ಮಗುವಿನ ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ ಬೆಳಗು ನನ್ನ ಕಣ್ಣಿಗೆ ಕಟ್ಟಿತು. ಹೂಂಗುಟ್ಟಲು ಯಾರು ಬೇಕು ಎಂದು ಟೀಚರ್ ಕೇಳಿದರು. ಅಜ್ಜಿ ಆಗಲೇ ಸೆರಗು ಸರಿಮಾಡಿಕೊಂಡು ಕೂತಿದ್ದರು. ಅವರಷ್ಟು ಚೆನ್ನಾಗಿ ಹೂಂಗುಟ್ಟುವವರು ಇರಲಿಲ್ಲ. "ಅಕ್ಕ ಹೂಂ ಅಂತಾರೆ," ಎಂದಳು ಓರಗಿತ್ತಿ, ನನ್ನತ್ತ ನೋಡದೆ.

ಯಾಕೆ ನಾನು? ವಾರವಿಡೀ ಅದೇ ಯೋಚನೆ. ನನ್ನನ್ನು ಕ್ಷಮಿಸಲೋ, ನನ್ನಿಂದಲೇ ಕೇಳಿಸಿಕೊಳ್ಳಲೋ, ಅಥವಾ ಬೇರೆ ಯಾರನ್ನೂ ಅಷ್ಟು ಬಲ್ಲವಳಲ್ಲ ಎಂಬುದಕ್ಕೋ. ಕೌದಿಯ ಮಾತು ಬಂದರೆ ಏನೆನ್ನಬೇಕು ಎಂದು ಮೂರು ಬಗೆಯಾಗಿ ಅಭ್ಯಾಸ ಮಾಡಿಕೊಂಡೆ. ಆಮೇಲೆ ನೆನಪಾಯಿತು, ನಾನು ಏನೂ ಅನ್ನುವ ಹಾಗೇ ಇಲ್ಲ, ಹೂಂ ಒಂದೇ. ಎಷ್ಟು ಹಗುರವೆನಿಸಿತು ಎಂದರೆ, ಆ ಹಗುರವೇ ನನಗೆ ಅನುಮಾನ ತರಿಸಬೇಕಾಗಿತ್ತು. ಟೀಚರಿಗೆ ಫೋನ್ ಮಾಡಿ ವಿಷಯವನ್ನೆಲ್ಲ ಹೇಳಿದೆ. ಅವರು, "ಏನೂ ರೆಡಿ ಮಾಡ್ಕೊಂಡು ಬರಬೇಡಿ. ಅವರು ಆ ಕೋಣೆ ಬಾಗಿಲು ಒಂದ್ಸಲ ಬಾಯಲ್ಲಿ ತೆಗೀಬೇಕು, ಅಷ್ಟೇ. ನೀವು ಜೊತೆಗಿರಿ," ಎಂದರು. ಫೋನಿಟ್ಟು ಪಟ್ಟಿ ಮಾಡಲು ಕೂತೆ.

ಕೊನೆಯ ಪುಟವನ್ನು ಮೊದಲು ಓದುವವಳಾದ್ದರಿಂದ ಆಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಓರಗಿತ್ತಿ ಆ ಕೋಣೆಯೊಳಗಿನ ಮಾತನ್ನು ಅವತ್ತು ಆಡಲಿಲ್ಲ, ಆಮೇಲೂ ಯಾರ ಹತ್ತಿರವೂ ಆಡಲಿಲ್ಲ. ವರ್ಷವಾಗುತ್ತ ಬಂತು. ಆ ಕೋಣೆಯಲ್ಲೀಗ ಸೂಟ್‌ಕೇಸುಗಳು, ಇಸ್ತ್ರಿ ಮೇಜು, ಕೆಟ್ಟ ಪ್ರಿಂಟರ್ ಇವೆ. ಬೂದುಬಣ್ಣದ ಪರದೆ ನಾನು ಹಾಕಿದ್ದೇ. ಟೀಚರ್ ಇನ್ನೊಂದು ಎಂಟು ವಾರ ನಡೆಸಿದರು. ಕರೆದರೆ, ವೀಕೆಂಡಿನಲ್ಲಿ ಲ್ಯಾಬಿನ ಕೆಲಸ ಇದೆ ಎಂದಳು. ಮೈದುನ ಈಗ ಅವಳ ಬಗ್ಗೆ ಮಾತಾಡುವುದಿಲ್ಲ. ಅವನ ಮನೆಯಲ್ಲಿ ಈಗ ಮಾತಾಡದವರು ಇಬ್ಬರು. ಟೀಚರ್ ನನಗೆ, ಕೆಲವು ಸಲ ಹೀಗಾಗುತ್ತದೆ, ನಿಮ್ಮದೇನೂ ತಪ್ಪಿಲ್ಲ ಎಂದರು. ಅವರು ಹಾಗೆ ಎನ್ನಲೇಬೇಕು.

ಒಂದು ಭಾನುವಾರ ಬೆಳಿಗ್ಗೆ ನಾನೇ ಪುಂಗೋಲಿಗೆ ಹೋಗಿ, ವಾಕ್ ಹೋಗೋಣ ಎಂದು ಅವಳನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋದೆ. ಸೈಕಲ್ಲಿನವರು ಹಾದುಹೋಗಲಿ ಎಂದು ಪಕ್ಕಕ್ಕೆ ನಿಂತಾಗ ಹೇಳಿಬಿಟ್ಟೆ. ತೊಟ್ಟಿಲು ಬಿಚ್ಚಿದ್ದು ನಾನು, ಬಟ್ಟೆ ಹಾಕಿದ್ದು ನಾನು, ಕೌದಿ ನಿಮ್ಮಮ್ಮ ಹೊಲಿದದ್ದು ಎಂದು ನನಗೆ ಗೊತ್ತಿರಲಿಲ್ಲ, ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಅವಳು ನೀರನ್ನೇ ನೋಡುತ್ತಿದ್ದಳು. ಅಲ್ಲಿ ಒಂದು ಉಡ ಈಜುತ್ತಿತ್ತು.

"ಯಾವ ಕೌದಿ ಅಕ್ಕ?" ಎಂದಳು.

ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಎಷ್ಟು ನಯವಾಗಿ ಎಂದರೆ ನನಗೇ ಒಂದು ಗಳಿಗೆ ಅಂಥದ್ದೊಂದು ಕೌದಿ ಇತ್ತೇ ಎನಿಸಿತು. ಬಿಸಿಲೇರುತ್ತಿದೆ, ಕಬ್ಬಿನ ಹಾಲು ಕುಡಿಯೋಣವಾ ಎಂದಳು. ಕುಡಿದೆವು. ನನ್ನ ಲೋಟದಲ್ಲಿ ಐಸ್ ಜಾಸ್ತಿಯಾಗಿ ಗಂಟಲು ಕೆರೆದೀತು ಎಂದು ಅವಳೇ ಐಸ್ ತೆಗೆಸಿ ಬೇರೆ ಕೊಡಿಸಿದಳು.

ಈಗ ಆ ಶನಿವಾರ.

ಎಲ್ಲರೂ ಬಂದರು. ನನ್ನ ಪಟ್ಟಿಯಲ್ಲಿದ್ದದ್ದಕ್ಕೆಲ್ಲ ಏರ್ಪಾಟು ಆಗಿತ್ತು. ಅಜ್ಜಿಗೆ ಜಾರದ ಕಾಲುಚೀಲ ತಂದಿದ್ದೆ, ಟಿಶ್ಯೂ ನಾಲ್ಕು ಡಬ್ಬ, ಗ್ಲೂಕೋಸು, ಸೆಕ್ಯುರಿಟಿ ಅಂಕಲ್‌ಗೆ ಮುಂಚೆಯೇ ಒಂದು ಮಾತು. ನಾಲ್ಕೂ ಮುಕ್ಕಾಲರ ಹೊತ್ತಿಗೆ ಓರಗಿತ್ತಿಯ ಸರದಿ ಬಂತು. ಚಾಪೆಯ ಮೇಲೆ ಕೂತೆವು. ಅವಳ ಬೆನ್ನು ಗಾಜಿನ ಬಾಗಿಲಿಗೆ, ನನ್ನ ಮುಖ ಬಾಗಿಲಿಗೆ. ಬಾಗಿಲ ಮೇಲೆ ಗಡಿಯಾರ. ಐದಕ್ಕೆ ರೂಮು ಬೇರೆಯವರಿಗೆ ಬುಕ್ ಆಗಿದೆ ಎಂದು ನನಗೆ ಗೊತ್ತಿತ್ತು; ಖಾಸಗಿ ಕಾರ್ಯಕ್ರಮ ಎಂದಷ್ಟೇ ಇತ್ತು. ಯಾವ ಕಾರ್ಯಕ್ರಮ ಎಂದು ವಿಚಾರಿಸಿರಲಿಲ್ಲ.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತ ಶುರುಮಾಡಿದಳು.

"ಒಬ್ಬಾಕಿ ಇದ್ಲು."

"ಹೂಂ," ಎಂದೆ. ಒಬ್ಬಳು ಅಲ್ಲ, ಒಬ್ಬಾಕಿ. ನಾವು ತಮಾಷೆ ಮಾಡಿ ಮಾಡಿ ಒಳಕ್ಕೆ ಓಡಿಸಿದ್ದ ಕನ್ನಡ ಎಂಟು ವರ್ಷದ ಮೇಲೆ ಹೊರಗೆ ಬಂದಿತ್ತು.

"ಹೊಳಿ ಇದ್ಲು ಆಕಿ. ನೀರಾಗಿಂದ ಎದ್ದು ಬಂದು ಲಗ್ನ ಆದ್ಲು."

"ಹೂಂ."

"ನಾ ಏನರ ಮಾಡ್ಲಿ, ಯಾಕ ಅಂತ ಯಾರೂ ಕೇಳಬಾರ್ದು ಅಂದಿದ್ಲು."

"ಹೂಂ."

"ಕೂಸು ಹುಟ್ತು. ಆಕಿ ಕೂಸಿನ್ನ ಎತಗೊಂಡು ಹೋಗಿ ನೀರಿಗೆ ಬಿಟ್ಲು."

"ಹೂಂ."

"ಬಿಡೋ ಮುಂದ ಕೂ‌ಸು ಅಳಲಿಲ್ಲ."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು. ನಾನು ಹೂಂ ಎಂದೆ. ಅಷ್ಟರಲ್ಲಿ ಗಾಜಿನಾಚೆ ಮೊದಲು ಬಣ್ಣ ಕಂಡಿತು, ಆಮೇಲೆ ಏನೆಂದು ಗೊತ್ತಾಯಿತು. ಬಲೂನುಗಳು. ಒಬ್ಬ ಹೆಂಗಸು ಕೇಕಿನ ಡಬ್ಬ ಹಿಡಿದಿದ್ದಳು, ಗಂಡಸು ಬಲೂನುಗಳ ಗೊಂಚಲು. ಅದರಲ್ಲಿ ಬೆಳ್ಳಿಬಣ್ಣದ್ದೊಂದು, ಎರಡು ಎಂಬ ಅಂಕಿಯ ಆಕಾರದ್ದು. ಅವರ ಕಾಲ ಹತ್ತಿರ ಒಂದು ಪುಟ್ಟ ಹುಡುಗಿ, ಗಾಜಿಗೆ ಎರಡೂ ಅಂಗೈ ಒತ್ತಿಕೊಂಡು ನಮ್ಮನ್ನು ನೋಡುತ್ತಿತ್ತು.

"ಬರೇ ಕೈಲೆ ಮನಿಗೆ ಬಂದ್ಲು."

"ಹೂಂ."

"ಯಾರೂ ಏನೂ ಕೇಳಲಿಲ್ಲ. ಎಲ್ಲಾರೂ ಮಾತು ನಡಿಸಿದ್ರು."

"ಹೂಂ."

ಇವಳು ತಿರುಗಿದರೆ ಏನು ಗತಿ? ಅಡುಗೆ ಕಟ್ಟೆಯ ಪಕ್ಕ ಇನ್ನೊಂದು ಬಾಗಿಲಿದೆ, ಅಲ್ಲಿಂದ ಕರೆದುಕೊಂಡು ಹೋಗಬಹುದೇ? ಅದರ ಕೀಲಿ ಯಾರ ಹತ್ತಿರ? ಗಡಿಯಾರದಲ್ಲಿ ನಾಲ್ಕು ಐವತ್ತೊಂದು.

"ಆಕಿ ಸೀದಾ ಕೂಸಿನ ಖೋಲಿಗೆ ಹೋದ್ಲು. ಬಾಗಲಾ ತಗದ್ಲು."

ಮನೆಯವರಿಗೆ, ಟೀಚರಿಗೆ, ಮಗಳಿಗೆ ಕೂಡ ಆ ಬಲೂನುಗಳಿಂದ ಗಮನ ತಪ್ಪಿತು ಎಂದೇ ಹೇಳಿದ್ದೇನೆ. ಎಲ್ಲರೂ ನಂಬಿದರು, ನನ್ನನ್ನು ಬಲ್ಲವರಿಗೆ ಅದು ಸಹಜವೇ. ನಾನೂ ಕೆಲವು ವಾರ ನಂಬಿದ್ದೆ. ಬಲೂನು ನಿಜ, ಹುಡುಗಿ ನಿಜ, ಚಿಂತೆ ನಿಜ. ಆದರೆ ಆ ಬಾಗಿಲಿನ ಹಿಂದೆ ಏನಿರಲಿಲ್ಲ ಎಂದು ಆ ರೂಮಿನಲ್ಲಿ ಅವಳನ್ನು ಬಿಟ್ಟರೆ ಕಣ್ಣಾರೆ ಕಂಡು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಹೂಂ ಎಂದರೆ ಅವಳು ಒಳಗೆ ಕಾಲಿಡುತ್ತಾಳೆ, ನಾನೂ ಅವಳ ಜೊತೆ ಕಾಲಿಡಬೇಕು. ಗಂಟಲಿನವರೆಗೆ ಬಂದದ್ದನ್ನು ಹಿಡಿದುಕೊಂಡು ನಾನು ಬಲೂನು ನೋಡಿದೆ.

ಅವಳು ಕಾದಳು. ನನ್ನ ಬಾಯಿ ನೋಡುತ್ತ ಒಂದು ಉಸಿರು, ಎರಡು ಉಸಿರು. ಮೂರನೆಯದಕ್ಕೆ ಅವಳ ಮುಖದಲ್ಲಿ ಅದೇ ನಗು ಬಂತು, ಅವತ್ತು ಕೋಣೆಯ ಬಾಗಿಲು ಎಳೆದುಕೊಂಡು ಕಾಫಿ ಕೇಳಿದಾಗ ಇದ್ದದ್ದು.

"ಅಷ್ಟೇ ಅಕ್ಕ. ಮುಗೀತು," ಎಂದಳು, ನಮ್ಮ ಕನ್ನಡದಲ್ಲಿ.

ಕೇಳಿದವರಿಗೂ ಹೇಳಿದವರಿಗೂ ಒಳ್ಳೆಯದಾಗಲಿ ಎಂದು ಯಾರೋ ಅಂದರು. ಓರಗಿತ್ತಿ ಎದ್ದು ಕೈಕಾಲು ಕೊಡವಿ, ನಾನು ಅವಳಲ್ಲ, ನಾನು ನಾನೇ ಎಂದು ಸ್ಪಷ್ಟವಾಗಿ ಹೇಳಿದಳು. ತಿರುಗಿ ಬಲೂನು ನೋಡಿದಳು. ಹೋಗಿ ಬಾಗಿಲು ತೆರೆದು ಹಿಡಿದು, ಒಳಗೆ ಬನ್ನಿ, ನಮ್ಮದು ಆಯಿತು ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ಹುಡುಗಿಯ ತಲೆ ಸವರಿದಳು. ಏರ್‌ಕಾನ್ ತಣ್ಣಗೆ ಓಡುತ್ತಿತ್ತು. ಅಜ್ಜಿ ಜಾರಲಿಲ್ಲ. ಯಾರೂ ಮೂರ್ಛೆ ಹೋಗಲಿಲ್ಲ, ಸೆಕ್ಯುರಿಟಿ ಅಂಕಲ್ ಬರಲಿಲ್ಲ, ಟಿಶ್ಯೂ ಡಬ್ಬಗಳಲ್ಲಿ ಮೂರನ್ನು ಒಡೆಯಲೇ ಇಲ್ಲ. ಐದಕ್ಕೆ ಇನ್ನೂ ಏಳೆಂಟು ನಿಮಿಷ ಇತ್ತು. ನಾನು ಒಂದು ಸಲ ಹೂಂ ಅನ್ನಲಿಲ್ಲ.